ಬೆಳ್ಳಿ ನಿಜ, ನಾಣ್ಯ ಸುಳ್ಳು

ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಲಕ್ಷ್ಮೀಪೂಜೆಗೆ ಹೊರಬರುತ್ತದೆ. ಅಜ್ಜಿಯ ಕಾಲದಿಂದ ಮನೆಯಲ್ಲೇ ಇದ್ದ ನಾಣ್ಯವನ್ನು ಯಾರೂ ಅನುಮಾನಿಸುವುದಿಲ್ಲ. ಅಂಥದ್ದನ್ನೇ ಸಂತೆಯಲ್ಲೋ ಆನ್‌ಲೈನಿನಲ್ಲೋ ದುಡ್ಡು ಕೊಟ್ಟು ಕೊಳ್ಳುವಾಗ ಮಾತ್ರ ಕೇಳಬೇಕಾಗುತ್ತದೆ: ಇದು ಸಾಚಾವೋ, ಖೋಟಾವೋ? ಅದರೊಳಗೆ ಎರಡು ಪ್ರಶ್ನೆಗಳಿವೆ. ಇದು ಬೆಳ್ಳಿಯೇ? ಇದು ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯವೇ? ಮೊದಲನೆಯದನ್ನು ಹೈಸ್ಕೂಲಿನ ಭೌತಶಾಸ್ತ್ರ ಬಗೆಹರಿಸುತ್ತದೆ. ಎರಡನೆಯದಕ್ಕೆ ಅದು ಸಾಲದು.

ಒಂದು ತೊಲದ ಲೆಕ್ಕ

ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ಜಾರಿಗೆ ತಂದದ್ದು 1835ರಲ್ಲಿ. ಅದರ ತೂಕ 180 ಗ್ರೇನ್, ಅಂದರೆ ಒಂದು ತೊಲ; ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಗಟ್ಟಿತನಕ್ಕೆ ಸೇರಿಸಿದ ತಾಮ್ರ. ರಾಜ ರಾಣಿಯರು ಬದಲಾದರೂ ಈ ಪ್ರಮಾಣ 1939ರವರೆಗೆ ಬದಲಾಗಲಿಲ್ಲ. ಹಾಗಾಗಿ ನಾಣ್ಯ ಪರೀಕ್ಷಕನಿಗೆ ತೂಕವೇ ಮೊದಲ ಸುಳಿವು.

ಆದರೆ ತೂಕವೊಂದನ್ನೇ ನಂಬುವಂತಿಲ್ಲ. ದಶಕಗಟ್ಟಲೆ ಕೈಯಿಂದ ಕೈಗೆ ದಾಟಿದ ಸಾಚಾ ನಾಣ್ಯ ಸವೆದು 11.4 ಗ್ರಾಮಿಗೆ ಇಳಿದಿರಬಹುದು. ಇತ್ತ ಖೋಟಾ ತಯಾರಕ ದಪ್ಪವನ್ನು ಹೆಚ್ಚುಕಡಿಮೆ ಮಾಡಿ ತೂಕವನ್ನು ಸರಿದೂಗಿಸಿರಬಹುದು. ಸವೆದರೂ ಬದಲಾಗದ ಗುಣವೊಂದು ಬೇಕು. ಅದೇ ಸಾಂದ್ರತೆ.

ಶುದ್ಧ ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ, ತಾಮ್ರದ್ದು 8.96. ಹಳೆಯ ರೂಪಾಯಿಯ ಮಿಶ್ರಲೋಹದ ಸಾಂದ್ರತೆ ಸುಮಾರು 10.3 ಆಗುತ್ತದೆ. ಇದನ್ನು ಮನೆಯಲ್ಲೇ ಅಳೆಯಬಹುದು. ಗ್ರಾಮಿನ ನೂರನೇ ಒಂದು ಭಾಗವನ್ನೂ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕವೇ ತಕ್ಕಡಿಯಲ್ಲಿ ಕಾಣುತ್ತದೆ. ಆರ್ಕಿಮಿಡೀಸ್ ತತ್ವ ಹೇಳುವುದು ಇದನ್ನೇ. ಒಂದು ಗ್ರಾಂ ನೀರೆಂದರೆ ಒಂದು ಘನ ಸೆಂಟಿಮೀಟರ್ ಆದ್ದರಿಂದ ನಾಣ್ಯದ ಗಾತ್ರವೂ ಅಷ್ಟೇ. ಸವೆಯದ ಸಾಚಾ ರೂಪಾಯಿಗೆ 1.13ರ ಆಸುಪಾಸು ಬರಬೇಕು. 11.66ನ್ನು 1.13ರಿಂದ ಭಾಗಿಸಿದರೆ 10.3. ನಾಣ್ಯಕ್ಕೆ ಅಂಟಿದ ಒಂದು ಗಾಳಿಗುಳ್ಳೆಯೂ ಲೆಕ್ಕ ಕೆಡಿಸುತ್ತದೆ, ಆದ್ದರಿಂದ ಎರಡು ಮೂರು ಸಲ ಅಳೆಯುವುದು ಮೇಲು.

ಖೋಟಾ ನಾಣ್ಯಗಳಿಗೆ ಬಳಕೆಯಾಗುವ ಜರ್ಮನ್ ಸಿಲ್ವರ್ ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ಅದರಲ್ಲಿ ಬೆಳ್ಳಿ ಇಲ್ಲ, ಸಾಂದ್ರತೆ 8.6ರ ಸುತ್ತಮುತ್ತ. ಅದೇ ಗಾತ್ರದ ನಾಣ್ಯವಾದರೆ ತೂಕ 9.7 ಗ್ರಾಮಿಗೆ ಇಳಿಯುತ್ತದೆ. ತೂಕ ಸರಿಮಾಡಲು ಹೋದರೆ ನಾಣ್ಯವನ್ನು ಸುಮಾರು ಶೇ 20ರಷ್ಟು ದಪ್ಪ ಮಾಡಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಗಳಲ್ಲಿ ಬೆಳ್ಳಿ ಶೇ 50 ಮಾತ್ರ. ಜೊತೆಗೆ ಶೇ 40 ತಾಮ್ರ, ನಿಕ್ಕಲ್ ಮತ್ತು ಸತು ತಲಾ ಶೇ 5. ಅವುಗಳ ಸಾಂದ್ರತೆ 9.5ರ ಆಸುಪಾಸು ಬಂದರೆ ಅದು ಸರಿಯೇ. ಎರಡನೆಯದಾಗಿ, ಬೆಳ್ಳಿಗಿಂತ ಭಾರವಾದ ಸೀಸವನ್ನೂ ಹಗುರವಾದ ತವರವನ್ನೂ ಲೆಕ್ಕ ಹಾಕಿ ಬೆರೆಸಿದರೆ ಸಾಂದ್ರತೆಯನ್ನು 10.3ಕ್ಕೇ ಹೊಂದಿಸಬಹುದು! ಅದನ್ನು ಹಿಡಿಯುವುದು ಕಿವಿ.

ಕಿವಿ, ಕಾಂತ, ಕ್ಷಕಿರಣ

ಹಿಂದೆ ಚಿನಿವಾರರು ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ ಸದ್ದು ಕೇಳುತ್ತಿದ್ದರು. ಬೆಳ್ಳಿ ಕಂಪಿಸತೊಡಗಿದರೆ ಬೇಗ ನಿಲ್ಲದು, ಠಣ್ಣೆಂದು ಎಳೆಯುತ್ತದೆ. ಮೆದುವಾದ ಸೀಸ ಕಂಪನದ ಶಕ್ತಿಯನ್ನು ತಾನೇ ನುಂಗಿ ಡಬ್ಬೆನ್ನುತ್ತದೆ. ಎರಕದ ನಾಣ್ಯದೊಳಗೆ ಗುಳ್ಳೆಗಳಿದ್ದರೂ ನಾದ ಸಾಯುತ್ತದೆ. ಆದರೆ ಸಾಚಾ ನಾಣ್ಯದಲ್ಲೂ ಸಣ್ಣ ಬಿರುಕಿದ್ದರೆ ಅದು ಮೂಕವಾಗುತ್ತದೆ. ಬೆಲೆಯುಳ್ಳ ನಾಣ್ಯವನ್ನು ಕಲ್ಲಿಗೆ ಎಸೆಯಬೇಡಿ. ಬೆರಳ ತುದಿಯ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದರೆ ಸಾಕು.

ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಸೆಳೆದರೆ ಒಳಗೆ ಕಬ್ಬಿಣದಂಥ ಲೋಹವಿದೆ ಎಂದರ್ಥ. ಸೆಳೆಯಲಿಲ್ಲವೆಂದ ಮಾತ್ರಕ್ಕೆ ಬೆಳ್ಳಿಯೆಂದೂ ಹೇಳಲಾಗದು. ತಾಮ್ರ, ಸೀಸ, ಜರ್ಮನ್ ಸಿಲ್ವರ್ ಯಾವುದನ್ನೂ ಅದು ಎಳೆಯದು. ಇನ್ನೂ ಚೆನ್ನಾದ ಪರೀಕ್ಷೆ ಬೇರೆಯಿದೆ. ನಾಣ್ಯವನ್ನು ಓರೆಯಾಗಿ ಹಿಡಿದು ಅದರ ಮೇಲೆ ಪುಟ್ಟ ನಿಯೋಡಿಮಿಯಮ್ ಅಯಸ್ಕಾಂತವನ್ನು ಜಾರಲು ಬಿಡಿ. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತಿ ಚೆನ್ನಾಗಿ ಹರಿಸುವುದು ಬೆಳ್ಳಿ. ಅಯಸ್ಕಾಂತ ಚಲಿಸಿದಾಗ ಬೆಳ್ಳಿಯೊಳಗೆ ಸುಳಿ ವಿದ್ಯುತ್ ಹುಟ್ಟಿ, ಅದರ ಕಾಂತಕ್ಷೇತ್ರ ಜಾರುವಿಕೆಗೆ ತಡೆಯೊಡ್ಡುತ್ತದೆ. ಅಯಸ್ಕಾಂತ ಸರ್ರನೆ ಜಾರದೆ ನಿಧಾನವಾಗಿ ಇಳಿಯುತ್ತದೆ. ಜರ್ಮನ್ ಸಿಲ್ವರ್ ವಿದ್ಯುತ್ತನ್ನು ಹರಿಸುವುದರಲ್ಲಿ ಬಹಳ ಹಿಂದೆ, ಅಲ್ಲಿ ಈ ತಡೆ ಕಾಣದು. ಬೆಳ್ಳಿ ಲೇಪಿಸಿದ ತಾಮ್ರ ಈ ಪರೀಕ್ಷೆಯಲ್ಲಿ ಪಾಸಾಗಬಹುದು, ಆದರೆ ನೀರಿನ ಲೋಟದಲ್ಲಿ ಸಿಕ್ಕಿಬೀಳುತ್ತದೆ.

ಆಭರಣದಂಗಡಿಗಳಲ್ಲಿರುವ ಎಕ್ಸ್‌ಆರ್‌ಎಫ್ ಯಂತ್ರ ಕ್ಷಕಿರಣ ಹಾಯಿಸಿ, ಪ್ರತಿ ಧಾತು ಹೊರಸೂಸುವ ತನ್ನದೇ ಶಕ್ತಿಯ ಕ್ಷಕಿರಣವನ್ನು ಓದಿ, ಯಾವ ಲೋಹ ಎಷ್ಟಿದೆಯೆಂದು ಹೇಳುತ್ತದೆ. ನಾಣ್ಯಕ್ಕೆ ಗೀರೂ ಬೀಳದು. ಆದರೆ ಅದು ಓದುವುದು ಮೇಲ್ಪದರವನ್ನು ಮಾತ್ರ. ಬೆಳ್ಳಿ ಲೇಪನ ದಪ್ಪಗಿದ್ದರೆ ಯಂತ್ರವೂ ಮೋಸಹೋಗಬಹುದು. ಯಂತ್ರದ ವರದಿ ಕೈಯಲ್ಲಿದ್ದರೂ ಸಾಂದ್ರತೆಯನ್ನು ನೋಡಲೇಬೇಕು.

ಅಚ್ಚು ಹೇಳುವ ಸಾಕ್ಷಿ

ಇಷ್ಟೆಲ್ಲ ಪರೀಕ್ಷೆ ಗೆದ್ದ ನಾಣ್ಯವೂ ಖೋಟಾ ಆಗಿರಬಹುದು, ಅದನ್ನು ಬೆಳ್ಳಿಯಲ್ಲೇ ಮಾಡಿದ್ದರೆ. ಇದು ಹೊಸ ವಿದ್ಯೆಯೇನಲ್ಲ. 1893ರಲ್ಲಿ ಸರ್ಕಾರ ಟಂಕಸಾಲೆಗಳಲ್ಲಿ ಜನರ ಬೆಳ್ಳಿಯನ್ನು ಪಡೆದು ರೂಪಾಯಿ ಮಾಡಿಕೊಡುವುದನ್ನು ನಿಲ್ಲಿಸಿತು. ಆಮೇಲೆ ರೂಪಾಯಿಯ ಮುಖಬೆಲೆ ಅದರೊಳಗಿನ ಬೆಳ್ಳಿಯ ಬೆಲೆಯನ್ನು ಮೀರಿತು. ಅಪ್ಪಟ ಬೆಳ್ಳಿಯಲ್ಲೇ ಕಳ್ಳ ರೂಪಾಯಿ ಮಾಡಿದರೂ ಲಾಭವಿತ್ತು. ಇಂದು ಸಂಗ್ರಾಹಕರ ಮಾರುಕಟ್ಟೆಯಲ್ಲೂ ಅದೇ ಲೆಕ್ಕ: ವಿರಳ ವರ್ಷದ ನಾಣ್ಯಕ್ಕೆ ಅದರ ಬೆಳ್ಳಿಯ ಎಷ್ಟೋ ಪಟ್ಟು ಬೆಲೆ. 1939ರ ರೂಪಾಯಿ ಅಂಥದ್ದು. 1938ರ ಸಾಚಾ ನಾಣ್ಯದ 8ನ್ನು ತಿದ್ದಿ 9 ಮಾಡಿದರೆ ಯಾವ ತಕ್ಕಡಿಯೂ ದೂರು ಹೇಳದು.

ಇಲ್ಲಿ ಕೆಲಸಕ್ಕೆ ಬರುವುದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ. ಟಂಕಸಾಲೆಯಲ್ಲಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಭಾರಿ ಒತ್ತಡದಲ್ಲಿ ಒತ್ತುತ್ತಾರೆ. ಲೋಹ ನಡುವಿನಿಂದ ಅಂಚಿನತ್ತ ಹರಿದು ಅಚ್ಚಿನ ಸಂದುಗಳನ್ನು ತುಂಬುತ್ತದೆ. ಅಕ್ಷರಗಳ ಬದಿ ಕಡಿದಾಗಿ ನಿಲ್ಲುತ್ತದೆ. ಸವೆಯದ ನಾಣ್ಯವನ್ನು ಓರೆ ಮಾಡಿದರೆ ಹೊಳಪು ಚಕ್ರದಂತೆ ತಿರುಗುತ್ತದೆ. ಎರಕದ ನಾಣ್ಯದಲ್ಲಿ ಅಕ್ಷರಗಳು ಮೊಂಡಾಗಿರುತ್ತವೆ, ಬಯಲಿನಲ್ಲಿ ಸೂಜಿಮೊನೆಯಂಥ ಕುಳಿಗಳಿರುತ್ತವೆ, ಅಂಚಿನಲ್ಲಿ ಬೆಸುಗೆಯ ಗೆರೆಯೂ ಕಾಣಬಹುದು. ಕರಗಿದ ಲೋಹ ಆರುವಾಗ ಕುಗ್ಗುವುದರಿಂದ, ಸಾಚಾ ನಾಣ್ಯದಿಂದಲೇ ತೆಗೆದ ಎರಕ ಅದಕ್ಕಿಂತ ತುಸು ಚಿಕ್ಕದಾಗಿರುತ್ತದೆ. ಇನ್ನು ಒಂದೇ ಗೀರು ಒಂದೇ ಜಾಗದಲ್ಲಿ ಎರಡು ನಾಣ್ಯಗಳ ಮೇಲಿದ್ದರೆ, ಎರಡಕ್ಕೂ ಮಾದರಿಯಾದ ಮೂರನೆಯ ನಾಣ್ಯವೊಂದರಿಂದ ಕಳ್ಳ ಅಚ್ಚು ತೆಗೆದಿದ್ದಾರೆಂಬ ಬಲವಾದ ಶಂಕೆ ಹುಟ್ಟಬೇಕು.

ಚರಿತ್ರೆಯೂ ಸಾಕ್ಷಿ ಹೇಳುತ್ತದೆ. ಕಂಪನಿಯ ಹೆಸರಿರುವ 1840ರ ರೂಪಾಯಿಯಲ್ಲಿ ವಿಕ್ಟೋರಿಯಾಗೆ ಕಿರೀಟವಿಲ್ಲ. 1862ರಿಂದ ಕಿರೀಟ ಬಂತು, ‘ಕ್ವೀನ್’ ಎಂಬ ಬರಹ ಬಂತು. 1877ರಿಂದ ಅದು ‘ಎಂಪ್ರೆಸ್’ ಆಯಿತು. ಕಂಪನಿಯ ಹೆಸರೂ ‘ಎಂಪ್ರೆಸ್’ ಬರಹವೂ ಒಂದೇ ನಾಣ್ಯದಲ್ಲಿದ್ದರೆ ತಕ್ಕಡಿ ಹುಡುಕುವ ಅಗತ್ಯವೇ ಇಲ್ಲ. 1911ರಲ್ಲಿ ಐದನೇ ಜಾರ್ಜ್‌ನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಟಕಾಗಿ ಆನೆ ಹಂದಿಯಂತೆ ಕಂಡು ಗದ್ದಲವಾಯಿತು. 1912ರ ಅಚ್ಚಿನಲ್ಲಿ ಸೊಂಡಿಲನ್ನು ತಿದ್ದಿದರು. ಸಂಗ್ರಾಹಕರು ವರ್ಷದ ಜೊತೆಗೆ ಸೊಂಡಿಲನ್ನೂ ನೋಡುವುದು ಇದಕ್ಕೇ. ರಾಮ, ಹನುಮಂತರ ಚಿತ್ರದೊಂದಿಗೆ 1818 ಎಂದು ಬರೆದ ‘ಈಸ್ಟ್ ಇಂಡಿಯಾ ಕಂಪನಿ’ ಬಿಲ್ಲೆಗಳನ್ನಂತೂ ಕಂಪನಿ ಎಂದೂ ಹೊರಡಿಸಲಿಲ್ಲ. ಅಕ್ಕಿಯನ್ನು ಸೆಳೆಯುತ್ತದೆಂದು ಲಕ್ಷಗಟ್ಟಲೆ ಬೆಲೆ ಹೇಳುವವರ ಮಾತಿಗೆ ಭೌತಶಾಸ್ತ್ರದಲ್ಲಿ ಜಾಗವಿಲ್ಲ.

ಪರೀಕ್ಷೆಯ ಹೆಸರಲ್ಲಿ ಮಾಡಬಾರದ್ದೂ ಇದೆ. ಆಮ್ಲದ ಹನಿ, ಅರದ ಉಜ್ಜು ಎರಡೂ ನಾಣ್ಯವನ್ನು ಹಾಳುಮಾಡುತ್ತವೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುವುದು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ ವರ್ಷಗಳುದ್ದಕ್ಕೂ ಕೂತ ಕಪ್ಪು ಪದರ. ಅದು ಹೋದರೆ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆಯೂ ಇಳಿಯುತ್ತದೆ.

ಕೊನೆಗೆ ಎಷ್ಟು ಪರೀಕ್ಷೆ ಬೇಕೆಂಬುದನ್ನು ನಿರ್ಧರಿಸುವುದು ಕೇಳುವ ಬೆಲೆ. ಬೆಳ್ಳಿಯ ದರದ ಆಸುಪಾಸಿಗೆ ಸಿಗುವ ಸಾಮಾನ್ಯ ವರ್ಷದ ರೂಪಾಯಿಗೆ ತಕ್ಕಡಿ, ಲೋಟ, ಅಯಸ್ಕಾಂತ ಸಾಕು. ಅದು ಬೆಳ್ಳಿಯಾಗಿದ್ದರೆ ನಿಮ್ಮ ಹಣಕ್ಕೆ ಮೋಸವಿಲ್ಲ. ಮಾರುವವನು ವರ್ಷದ ಅಂಕಿ ತೋರಿಸಿ ಹತ್ತು ಪಟ್ಟು ಕೇಳಿದರೆ, ನೀವು ಕೊಳ್ಳುತ್ತಿರುವುದು ಬೆಳ್ಳಿಯನ್ನಲ್ಲ, ಆ ಅಂಕಿಯನ್ನು. ಆಗ ನಾಣ್ಯ ಬಲ್ಲವರಿಗೆ ತೋರಿಸಿಯೇ ದುಡ್ಡು ಎಣಿಸಿ.