ನೀಟ್ ರಿಸಲ್ಟ್ ಬಂತು, ಸೀಟಿನ ಸುದ್ದಿ ಇಲ್ಲ: ಈ ನಡುವಿನ ದಿನ ಕಳೆಯೋದು ಹೇಗೆ?

ಬಾತಿ: ಪಿ.ಬಿ. ರಸ್ತೆ ಪಕ್ಕದ ಕಿರಾಣಿ ಅಂಗಡಿಗೆ ಸಕ್ಕರೆ ತರೋಕೆ ಹೋದರೂ ಆ ದಿನಗಳಲ್ಲಿ ಮೊದಲು ಕೇಳೋ ಮಾತು ಒಂದೇ. "ಮಗಳದ್ದು ಏನಾತ್ರೀ? ಸೀಟು ಬಂತಾ?" ಕೇಳೋರಿಗೆ ಅದು ಬರೀ ಕುಶಲೋಪರಿ. ಗಲ್ಲಾಪೆಟ್ಟಿಗೆ ಹಿಂದೆ ಕೂತ ಅಪ್ಪ ದಿನಕ್ಕೆ ಹತ್ತು ಸಲ "ಇನ್ನೂ ಇಲ್ರೀ, ಕಾಯ್ಬೇಕು" ಅಂತಾರೆ. ಒಳಗಿನ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತ ಮಗಳಿಗೆ ಆ ಉತ್ತರ ಹತ್ತೂ ಸಲ ಕೇಳಿಸುತ್ತೆ.

ಮೆಡಿಕಲ್ ಸೀಟಿಗೆ ಕಾಯೋ ಮನೆಗಳಲ್ಲಿ ಪ್ರತಿ ವರ್ಷ ಹೀಗೇ. ಪರೀಕ್ಷೆ ಮೂರು ಗಂಟೇಲಿ ಮುಗಿಯುತ್ತೆ, ಕಾಯೋದು ಮೂರು ತಿಂಗಳು. 2025ರಲ್ಲಿ ನೀಟ್ ನಡೆದದ್ದು ಮೇ 4ಕ್ಕೆ, ಫಲಿತಾಂಶ ಬಂದದ್ದು ಜೂನ್ 14ಕ್ಕೆ. ಸೀಟು ಹಂಚಿಕೆ ಒಂದು ಹದಕ್ಕೆ ಬರೋ ಹೊತ್ತಿಗೆ ಆಗಸ್ಟ್ ಬಂದಿತ್ತು. 2024ರದ್ದು ಇನ್ನೂ ಕಷ್ಟದ ಕಥೆ. ಜೂನ್ 4ಕ್ಕೆ, ಲೋಕಸಭೆ ಮತ ಎಣಿಕೆ ದಿನವೇ, ಫಲಿತಾಂಶ ಬಂತು. ಆಮೇಲೆ ಪೇಪರ್ ಸೋರಿಕೆ ಗಲಾಟೆ, 1,563 ಮಕ್ಕಳ ಗ್ರೇಸ್ ಅಂಕ ರದ್ದು, ಅವರಿಗೆ ಮರುಪರೀಕ್ಷೆ, ಸುಪ್ರೀಂ ಕೋರ್ಟ್ ವಿಚಾರಣೆ. ಜುಲೈ 23ಕ್ಕೆ ಕೋರ್ಟು ಇಡೀ ಪರೀಕ್ಷೆ ರದ್ದು ಮಾಡಲ್ಲ ಅಂತು, 26ಕ್ಕೆ ಪರಿಷ್ಕೃತ ಫಲಿತಾಂಶ ಬಂತು. ಏಳು ವಾರ ಆ ಮಕ್ಕಳಿಗೆ ತಮ್ಮ ರ್ಯಾಂಕ್ ಉಳಿಯುತ್ತೋ ಹೋಗುತ್ತೋ ಅನ್ನೋದೇ ಗೊತ್ತಿರಲಿಲ್ಲ.

ಈ "ಗೊತ್ತಿಲ್ಲದಿರೋದು" ಇದೆಯಲ್ಲ, ತಳಮಳದ ಬೇರು ಅಲ್ಲೇ ಇದೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಕಲ್ಲು ಎತ್ತೋ ಆಟ, ಕೆಳಗೆ ಹಾವಿದ್ದರೆ ಕೈಗೆ ಸಣ್ಣ ವಿದ್ಯುತ್ ಶಾಕ್. ಶಾಕ್ ಖಂಡಿತ ಬೀಳುತ್ತೆ ಅಂತ ಗೊತ್ತಿದ್ದವರಿಗಿಂತ, ಬೀಳಬಹುದು ಬೀಳದೇ ಇರಬಹುದು ಅನ್ನೋ ಸ್ಥಿತೀಲಿ ಇದ್ದವರ ಮೈ ಹೆಚ್ಚು ಬೆವರಿತ್ತು. ಕೆಟ್ಟ ಸುದ್ದಿಗಿಂತ ಅರ್ಧ ಸುದ್ದಿ ಮನುಷ್ಯನನ್ನು ಹೆಚ್ಚು ಕಾಡುತ್ತೆ. ಹಾಗಾಗಿ "ರಿಸಲ್ಟ್ ಬಂತಲ್ಲ, ಇನ್ನೇನು ಟೆನ್ಶನ್ ನಿಂಗೆ?" ಅಂತ ಮಗಳನ್ನು ಕೇಳೋದರಲ್ಲಿ ಅರ್ಥವಿಲ್ಲ. ಟೆನ್ಶನ್ ಶುರುವಾಗೋದೇ ಅಲ್ಲಿಂದ.

ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಕೀಲರ ಪರೀಕ್ಷೆ ಬರೆದವರು ಫಲಿತಾಂಶಕ್ಕೆ ಸುಮಾರು ನಾಲ್ಕು ತಿಂಗಳು ಕಾಯಬೇಕಿತ್ತು. ಕೇಟ್ ಸ್ವೀನಿ ಎಂಬ ಮನಃಶಾಸ್ತ್ರಜ್ಞೆ ಅಂಥವರ ಬೆನ್ನು ಹತ್ತಿ ಕೇಳುತ್ತಾ ಹೋದರು. ಕಂಡದ್ದು ಏನಪ್ಪಾ ಅಂದ್ರೆ, ಚಿಂತೆ ಬಿಡೋಕೆ ಅಂತ ಅವರು ಮಾಡಿದ ಉಪಾಯಗಳಲ್ಲಿ ಬಹುತೇಕ ಯಾವುದೂ ಚಿಂತೆಯನ್ನು ಕಡಿಮೆ ಮಾಡಲಿಲ್ಲ. ಆದರೆ ಕಾಯುವಾಗ ಒದ್ದಾಡಿದವರೇ ಕೊನೆಗೆ ಸುದ್ದಿ ಬಂದಾಗ ಅದನ್ನು ಚೆನ್ನಾಗಿ ತಡೆದುಕೊಂಡರು. ಫೇಲಾದರೂ ಬೇಗ ಎದ್ದು ಕೂತರು. ಆರಾಮಾಗಿ ಇದ್ದವರಿಗೆ ಕೆಟ್ಟ ಸುದ್ದಿ ಸಿಡಿಲು ಬಡಿದಂಗಾತು. ಅಂದರೆ ರಾತ್ರಿ ನಿದ್ದೆ ಬರ್ತಿಲ್ಲ, ಎದೆ ಡವಡವ ಅಂತೈತಿ ಅನ್ನೋ ಮಗಳಿಗೆ ಏನೋ ಕಾಯಿಲೆ ಆಗೈತಿ ಅಂತ ಗಾಬರಿ ಬೀಳಬೇಕಿಲ್ಲ. ಮಿತಿಯಲ್ಲಿದ್ದರೆ ಅದು ಮನಸ್ಸು ಮಾಡಿಕೊಳ್ಳೋ ತಯಾರಿ.

ಹಾಗಂತ ಕೈ ಕಟ್ಟಿ ಕೂರಬೇಕಾ? ಇಲ್ಲ. ಗೊತ್ತಿಲ್ಲದ್ದನ್ನು ಸ್ವಲ್ಪ ಗೊತ್ತು ಮಾಡಿಕೊಂಡರೆ ಅರ್ಧ ಭಾರ ಇಳಿಯುತ್ತೆ. ಈ ವಿಷಯದಲ್ಲಿ ನಮ್ಮಲ್ಲಿ ತಪ್ಪು ತಿಳಿವಳಿಕೆ ಬಹಳ.

ಮೊದಲನೇದು ವಾಟ್ಸ್ಯಾಪಿನ ಕಟಾಫ್ ಪಟ್ಟಿ. "ಹೋದ ವರ್ಷ ಇಷ್ಟು ಅಂಕಕ್ಕೆ ಶಿವಮೊಗ್ಗ ಸಿಕ್ಕಿತ್ತು" ಅಂತ ಒಂದು ಪಟ್ಟಿ ಓಡಾಡುತ್ತೆ. 2024ರಲ್ಲಿ 650 ಅಂಕ ತೆಗೆದವರ ಅಖಿಲ ಭಾರತ ರ್ಯಾಂಕ್ ಇಪ್ಪತ್ತು ಸಾವಿರ ದಾಟಿತ್ತು. 2025ರ ಪೇಪರ್ ಎಷ್ಟು ಬಿಗಿ ಇತ್ತೆಂದರೆ ದೇಶಕ್ಕೇ ಮೊದಲು ಬಂದವರ ಅಂಕ 686, ಅದೇ 650ಕ್ಕೆ ರ್ಯಾಂಕ್ ಕೆಲವೇ ನೂರರೊಳಗೆ. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿದಿತ್ತು. ಆದ್ದರಿಂದ ಅಂಕ ಬಿಡಿ, ರ್ಯಾಂಕ್ ನೋಡಿ.

ಎರಡನೇದು ಕೆಇಎ ಆಪ್ಷನ್ ಎಂಟ್ರಿ. "ಮೇಲೆ ದೊಡ್ಡ ಕಾಲೇಜು ಹಾಕಿದ್ರೆ ಕೆಳಗಿಂದು ಕೈ ತಪ್ಪುತ್ತೆ" ಅನ್ನೋ ಭಯ ಎಷ್ಟೋ ಮನೆಗಳಲ್ಲಿದೆ. ಹಾಗಿಲ್ಲ. ಕಂಪ್ಯೂಟರ್ ರ್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತಗೊಂಡು, ಅವರ ಪಟ್ಟಿಯನ್ನು ಮೇಲಿಂದ ನೋಡುತ್ತಾ, ಖಾಲಿ ಇರೋ ಮೊದಲ ಸೀಟು ಕೊಡುತ್ತೆ. ಬೆಂಗಳೂರು ಸಿಗದಿದ್ದರೆ ಶಿವಮೊಗ್ಗ, ಅದಿಲ್ಲದಿದ್ದರೆ ಚಿತ್ರದುರ್ಗ, ಹಾವೇರಿ. ಮೇಲೆ ಬರೆದದ್ದು ಸಿಗಲಿಲ್ಲ ಅಂತ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ನಿಜವಾಗಿ ಇಷ್ಟವಿರೋ ಕ್ರಮದಲ್ಲೇ ಬರೆಯಿರಿ. ಆದರೆ ಶುಲ್ಕ ಕಟ್ಟೋಕೆ ಆಗದ ಕಾಲೇಜನ್ನು ಪಟ್ಟಿಯಲ್ಲಿ ಇಡಬೇಡಿ, ಯಾಕಂದ್ರೆ ಅದೂ ಸಿಗಬಹುದು! ದಾವಣಗೆರೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇನ್ನೂ ಇಲ್ಲ. 1965ರಿಂದ ಇರೋ ಜೆಜೆಎಂ, ಆಮೇಲೆ ಬಂದ ಎಸ್‌ಎಸ್, ಎರಡೂ ಖಾಸಗಿ. ಅಲ್ಲಿ ಸರ್ಕಾರಿ ಕೋಟಾ ಸೀಟಿಗೂ ಖಾಸಗಿ ಕೋಟಾ ಸೀಟಿಗೂ ವರ್ಷಕ್ಕೆ ಲಕ್ಷಗಟ್ಟಲೆ ಅಂತರ. ಮನೆ ಹತ್ತಿರ ಅಂತ ಕಣ್ಣು ಮುಚ್ಚಿ ಬರೆದು ಆಮೇಲೆ ಸಾಲಕ್ಕೆ ಓಡಾಡೋದು ಬೇಡ. ಈ ಲೆಕ್ಕ ಅಪ್ಪ, ಅವ್ವ, ಮಗಳು ಮೂವರೂ ಕೂತು ಒಂದೇ ಸಲ ಮಾಡಿ ಮುಗಿಸಬೇಕು.

ಅಣಕು ಹಂಚಿಕೆ ಬಂದಾಗ ಹಿಗ್ಗೋದೂ ಕುಗ್ಗೋದೂ ಎರಡೂ ಬೇಡ. ಅದು ಬರೀ ತಾಲೀಮು, ಅದಾದ ಮೇಲೆ ಪಟ್ಟಿ ತಿದ್ದೋಕೆ ಅವಕಾಶ ಇರುತ್ತೆ. ನಿಜವಾದ ಹಂಚಿಕೆ ಬಂದ ಮೇಲೆ ಸೀಟು ಒಪ್ಪಿ ಸೇರೋದಾ, ಒಪ್ಪಿಟ್ಟುಕೊಂಡು ಮೇಲಿನದಕ್ಕೆ ಕಾಯೋದಾ, ಬಿಟ್ಟು ಮುಂದಿನ ಸುತ್ತಿಗೆ ಹೋಗೋದಾ ಅನ್ನೋ ಆಯ್ಕೆ ಬರುತ್ತೆ. ಕೊನೆ ಸುತ್ತುಗಳಲ್ಲಿ ಸೀಟು ಬಿಟ್ಟರೆ ದಂಡದ ನಿಯಮ ಬಿಗಿ. ಪಕ್ಕದ ಮನೆ ಹುಡುಗ ಹೋದ ವರ್ಷ ಮಾಡಿದ್ದನ್ನು ನಂಬದೆ ಆ ವರ್ಷದ ಪ್ರಕಟಣೆ ಓದಿ. ಕಾಯೋ ದಿನಗಳಲ್ಲಿ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ ಸರಿ ಇದಾವಾ ಅಂತ ನೋಡಿಕೊಳ್ಳೋದು ಕೈಗೂ ಕೆಲಸ, ಮನಸ್ಸಿಗೂ ಕೆಲಸ.

ವೆಬ್‌ಸೈಟ್ ನೋಡೋಕೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸಾಕು. ರಾತ್ರಿ ಎರಡು ಗಂಟೇಲಿ ರಿಫ್ರೆಶ್ ಒತ್ತಿದರೆ ಸೀಟು ಹೆಚ್ಚಲ್ಲ, ನಿದ್ದೆ ಹೋಗುತ್ತೆ ಅಷ್ಟೇ. ಉಳಿದ ಹೊತ್ತಲ್ಲಿ ಮೈ ಮರೆಸೋ ಕೆಲಸ ಹಿಡಿಯಲಿ. ಸ್ವೀನಿಯವರ ತಂಡ ಮುಂದೆ ಮಾಡಿದ ಅಧ್ಯಯನಗಳಲ್ಲಿ ಸ್ವಲ್ಪ ಉಪಯೋಗಕ್ಕೆ ಬಂದದ್ದು ಇಂಥದ್ದೇ, ಪೂರ್ತಿ ಮುಳುಗಿ ಮಾಡೋ ಕೆಲಸ. ಅಂಗಡಿ ಲೆಕ್ಕ ಬರೆಯೋದು, ತಮ್ಮನಿಗೆ ಗಣಿತ ಹೇಳೋದು, ಸ್ಕೂಟಿ ಕಲಿಯೋದು, ಬೆಳಿಗ್ಗೆ ಗುಡ್ಡದ ಕಡೆ ನಡೆಯೋದು. ಸುಮ್ಮನೆ ಟಿವಿ ಮುಂದೆ ಕೂರೋದು ಆ ಲೆಕ್ಕಕ್ಕೆ ಬರಲ್ಲ.

ಈ ಹೊತ್ತಲ್ಲೇ ಏಜೆಂಟರ ಫೋನ್ ಶುರುವಾಗೋದು. "ಮ್ಯಾನೇಜ್‌ಮೆಂಟ್ ಸೀಟು ಐತ್ರೀ, ಇವತ್ತೇ ಅಡ್ವಾನ್ಸ್ ಹಾಕ್ರಿ, ನಾಳೆ ಇರಲ್ಲ." ಅಂಜಿದ ಅಪ್ಪ ಅಂಗಡಿ ಬಂಡವಾಳ ತೆಗೆದು ಕೊಡೋದು ಇಂಥ ಮಾತಿಗೇ. ನೆನಪಿಡಿ: ಖಾಸಗಿ, ಎನ್‌ಆರ್‌ಐ, ಡೀಮ್ಡ್ ಯಾವುದೇ ಎಂಬಿಬಿಎಸ್ ಸೀಟಿರಲಿ, ನೀಟ್ ಬರೆದು, ಕೆಇಎ ಅಥವಾ ಕೇಂದ್ರದ ಎಂಸಿಸಿ ಕೌನ್ಸೆಲಿಂಗ್ ಮೂಲಕವೇ ಸಿಗಬೇಕು. ಹೊರಗಡೆ ಕೊಡಿಸ್ತೀನಿ ಅನ್ನೋರ ಹತ್ತಿರ ಸೀಟು ಇರಲ್ಲ, ರಸೀದಿನೂ ಇರಲ್ಲ.

ಸಿಗದಿದ್ದರೆ ಏನು ಅನ್ನೋ ಮಾತನ್ನು ಮನೆಯಲ್ಲಿ ಅಪಶಕುನ ಅಂತ ತಡೀತಾರೆ. ನನಗೆ ಅದು ಸರಿ ಕಾಣಲ್ಲ. ಆಯುರ್ವೇದ, ದಂತ, ಪಶುವೈದ್ಯ, ನರ್ಸಿಂಗ್, ಕೃಷಿ, ಇಲ್ಲವೇ ಇನ್ನೊಂದು ವರ್ಷ ಓದು. ನೀಟ್‌ಗೆ ಇಷ್ಟೇ ಸಲ ಬರೀಬೇಕು ಅನ್ನೋ ಮಿತಿ ಇಲ್ಲ. ಮಗಳ ಬಾಯಿಂದಲೇ "ಸಿಗ್ಲಿಲ್ಲ ಅಂದ್ರೆ ನಾನು ಹಿಂಗ್ ಮಾಡ್ತೀನಿ" ಅನ್ನೋ ಮಾತು ಬಂದರೆ ಅವಳ ತಲೆಯಲ್ಲಿ ಒಂದು ದಾರಿ ತೆರೆದಿದೆ ಅಂತ ಅರ್ಥ.

ಆದರೆ ಕೆಲವು ಲಕ್ಷಣಗಳನ್ನು ತಯಾರಿ ಅಂತ ಬಿಡೋ ಹಾಗಿಲ್ಲ. ಎರಡು ವಾರ ಸರಿಯಾಗಿ ಊಟ-ನಿದ್ದೆ ಇಲ್ಲದಿರೋದು, ಗೆಳತಿಯರ ಫೋನೂ ಎತ್ತದಿರೋದು, ಇಷ್ಟದ ವಸ್ತು ಬೇರೆಯವರಿಗೆ ಕೊಟ್ಟುಬಿಡೋದು, "ನಾನಿದ್ದು ಏನು ಉಪಯೋಗ" ಅನ್ನೋ ಮಾತು. ಆಗ ಬೈಯೋದೂ ಬೇಡ, ಒಬ್ಬಳನ್ನೇ ಬಿಡೋದೂ ಬೇಡ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳಲ್ಲ, ಹೇಳಿಕೊಳ್ಳೋಕೆ ಬಾಗಿಲು ತೆರೆಯುತ್ತೆ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು-ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪೋಷಕರೂ ಕರೆ ಮಾಡಬಹುದು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋದರೆ ಮನೋವೈದ್ಯರನ್ನು ಕಾಣಬಹುದು. ಹರಿಹರದ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರೋ ದಿನ ಯಾವುದು ಅಂತ ಕೇಳಿಕೊಂಡು ಹೋಗಿ.

ಇನ್ನು ನಮ್ಮಂಥ ಕೇಳೋರ ಕಡೆಗೆ ಒಂದು ಮಾತು. ಸೀಟು ಬಂದ ಮನೆಯವರು ತಾವೇ ಪೇಡಾ ಹಂಚಿಕೊಂಡು ಬರ್ತಾರೆ, ನಾವು ಕೇಳೋ ತನಕ ಕಾಯಲ್ಲ. ಆದ್ದರಿಂದ ಅಂಗಡಿಗೆ ಹೋದಾಗ ಸಕ್ಕರೆ ಕೇಳಿ, ಬೆಲ್ಲ ಕೇಳಿ, ಮಳೆ ವಿಷಯ ಮಾತಾಡಿ. ಒಳಗಿನ ಕೋಣೆಗೆ ಕೇಳಿಸೋ ಹಾಗೆ ಸೀಟಿನ ವಿಷಯ ಬೇಡ.