ಹಗ್ಗ ಹಿಡಿಯುವ ಊರು

ಬೆಳಕು ಹರಿಯುವ ಹೊತ್ತಿಗೆ ಓರ್ತಾ ಬಂದರಿನ ಎದುರು ಪಿಕೊ ಪರ್ವತ ಕಪ್ಪಗೆ ನಿಂತಿರುತ್ತದೆ. ಸೊಂಟದ ಮಟ್ಟದಲ್ಲಿ ಮೋಡದ ಒಂದು ಪಟ್ಟಿ, ಅದರ ಮೇಲೆ ಚೂಪು ನೆತ್ತಿ. ಕೆಳಗೆ ಸೀಸದ ಬಣ್ಣದ ನೀರು. ಆ ನೀರಿನ ಮೇಲೆ, ಕಲ್ಲಿನ ಅಲೆತಡೆಗೋಡೆಯ ತುದಿ ಬಳಸಿಕೊಂಡು, ಒಂದು ಹಾಯಿದೋಣಿ ನಿಧಾನಕ್ಕೆ ಒಳಬರುತ್ತಿದೆ. ಹಾಯಿ ಇಳಿಸಿಯಾಗಿದೆ, ಸಣ್ಣ ಡೀಸೆಲ್ ಎಂಜಿನ್ನಿನ ಟುಕುಟುಕು ಸದ್ದು ಮಾತ್ರ ಕೇಳುತ್ತಿದೆ. ಹತ್ತಿರ ಬಂದಂತೆಲ್ಲ ಅದರ ಮೈ ಕಾಣತೊಡಗುತ್ತದೆ. ನೀರಿನ ಗೆರೆಗುಂಟ ಹಸಿರು ಪಾಚಿ, ಹಿಂಬದಿಯಲ್ಲಿ ಗೊಂಚಲು ಗೊಂಚಲಾಗಿ ಅಂಟಿಕೊಂಡ ಚಿಪ್ಪುಹುಳು, ಕಂಬಿಯ ಮೇಲೆ ಒಣಹಾಕಿದ ಟವೆಲು, ಉಪ್ಪು ಹಿಡಿದು ಬಿರುಸಾದ ಹಗ್ಗಗಳು. ಹಾಯಿಕಂಬದ ಬಲಗಡೆ ಹಳದಿ ಬಟ್ಟೆಯ ಒಂದು ಚೌಕ ಪಟಪಟ ಎನ್ನುತ್ತಿದೆ. ಹೊರದೇಶದಿಂದ ಬಂದಿದ್ದೇವೆ, ದೋಣಿಯಲ್ಲಿ ರೋಗರುಜಿನವಿಲ್ಲ, ಇಳಿಯಲು ಅಪ್ಪಣೆ ಕೊಡಿ ಎಂದು ಜಗತ್ತಿನ ಎಲ್ಲ ಬಂದರುಗಳಿಗೂ ಅರ್ಥವಾಗುವ ಬಾವುಟ ಅದು.

ಬನ್ನಿ, ಧಕ್ಕೆಯ ಮೇಲೆ ಇಲ್ಲೇ ನಿಲ್ಲೋಣ. ದೋಣಿಯ ಮೂತಿಯಲ್ಲಿ ಹೆಂಗಸೊಬ್ಬಳು ಸುತ್ತಿದ ಹಗ್ಗ ಹಿಡಿದು ನಿಂತಿದ್ದಾಳೆ. ಕೂದಲು ಜಡೆಗಟ್ಟಿದೆ, ಮುಖ ಬಿಸಿಲಿಗೆ ಸುಟ್ಟಿದೆ. ಚುಕ್ಕಾಣಿ ಹಿಡಿದವನ ಕಣ್ಣು ಒಮ್ಮೆ ಗೋಡೆಯ ಕಡೆ, ಒಮ್ಮೆ ಪಕ್ಕದ ದೋಣಿಯ ಕಡೆ. ಅವಳು ಹಗ್ಗ ಎಸೆಯುತ್ತಾಳೆ. ಅದನ್ನು ಹಿಡಿಯುವವನು ಬಂದರಿನ ನೌಕರನೇ ಆಗಿರಬೇಕೆಂದಿಲ್ಲ. ನಿನ್ನೆ ಮೊನ್ನೆ ಬಂದು ತಂಗಿದ ಇನ್ನೊಂದು ದೋಣಿಯವನು ಕಾಫಿಯ ಲೋಟ ಕೆಳಗಿಟ್ಟು ಓಡಿ ಬಂದಿರುತ್ತಾನೆ. ಅವನು ಜರ್ಮನಿಯವನಿರಬಹುದು, ಇವಳು ಕೆನಡಾದವಳಿರಬಹುದು, ಹೆಸರು ಕೇಳುವುದೆಲ್ಲ ಆಮೇಲೆ. ಹಗ್ಗವನ್ನು ಕಬ್ಬಿಣದ ಗೂಟಕ್ಕೆ ಎರಡು ಸುತ್ತು ಹಾಕಿ ಬಿಗಿದ ಮೇಲೆ ಅವನ ಮೊದಲ ಪ್ರಶ್ನೆ, ಎಷ್ಟು ದಿನ ಹಿಡಿಯಿತು ಎಂಬುದು.

ಎರಡು ವಾರ, ಮೂರು ವಾರ, ಗಾಳಿ ಕೈಕೊಟ್ಟರೆ ಇನ್ನೂ ಹೆಚ್ಚು. ಚಳಿಗಾಲವನ್ನು ಕೆರಿಬಿಯನ್ ದ್ವೀಪಗಳಲ್ಲಿ ಕಳೆದ ಹಾಯಿದೋಣಿಗಳು ಚಂಡಮಾರುತದ ಕಾಲ ಶುರುವಾಗುವ ಮೊದಲೇ ಯುರೋಪಿನ ಕಡೆ ಹೊರಡುತ್ತವೆ. ಬರ್ಮುಡಾದಿಂದ ಇಲ್ಲಿಗೆ ಸುಮಾರು 1,800 ನಾಟಿಕಲ್ ಮೈಲಿ. ಸೇಂಟ್ ಮಾರ್ಟಿನ್‌ನಿಂದ ನೇರ ಬಂದರೆ 2,200ರ ಆಸುಪಾಸು. ನಡುವೆ ನಿಲ್ಲಲು ಒಂದು ಬಂಡೆಯೂ ಇಲ್ಲ. ಅಷ್ಟು ನೀರು ದಾಟಿದ ಮೇಲೆ ಮೊದಲು ಸಿಗುವ ನೆಲ ಪೋರ್ಚುಗಲ್‌ಗೆ ಸೇರಿದ ಅಝೋರ್ಸ್ ದ್ವೀಪಗಳು. ಅವುಗಳಲ್ಲಿ ಫಯಾಲ್ ಎಂಬ ದ್ವೀಪದ ಪಟ್ಟಣವೇ ಓರ್ತಾ. ಇಡೀ ದ್ವೀಪದ ಜನಸಂಖ್ಯೆ ಸುಮಾರು 14 ಸಾವಿರ. ವರ್ಷಕ್ಕೆ ಬಂದು ಹೋಗುವ ಹಾಯಿದೋಣಿಗಳು ಸಾವಿರಕ್ಕೂ ಮೇಲೆ.

ಮೇ, ಜೂನ್ ತಿಂಗಳಲ್ಲಿ ಸ್ವಾಗತ ಧಕ್ಕೆಯ ಗೋಡೆಗೆ ಆತುಕೊಂಡು ನಿಲ್ಲುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಗೋಡೆಗೆ ಒಂದು ದೋಣಿ, ಅದರ ಪಕ್ಕೆಗೆ ಇನ್ನೊಂದು, ಅದರ ಪಕ್ಕೆಗೆ ಮತ್ತೊಂದು, ಹೀಗೆ ಮೂರು ನಾಲ್ಕು ಸಾಲು ಕಟ್ಟಿರುತ್ತಾರೆ. ನಡುವೆ ಗಾಳಿ ತುಂಬಿದ ರಬ್ಬರಿನ ಉರುಟು ದಿಂಬುಗಳು ನೀರು ಏರಿಳಿದಂತೆಲ್ಲ ಕಿರ್ರೋ ಎನ್ನುತ್ತವೆ. ಹೊರಗಿನ ದೋಣಿಯವರು ನೆಲಕ್ಕೆ ಬರಬೇಕಾದರೆ ಒಳಗಿನವರ ದೋಣಿಗಳನ್ನು ದಾಟಿಯೇ ಬರಬೇಕು. ಅದಕ್ಕೊಂದು ಮರ್ಯಾದೆ ಇದೆ. ಹಾಯಿಕಂಬದ ಮುಂದಿನಿಂದ ಹಾಯಬೇಕು; ಚುಕ್ಕಾಣಿಯ ಬಳಿಯ ಕೂರುವ ಜಾಗ ಅವರ ಜಗಲಿ, ಅಲ್ಲಿ ಕಾಲಿಡಬಾರದು. ನಡುರಾತ್ರಿ ಹೋಟೆಲಿನಿಂದ ಮರಳುವವರು ಚಪ್ಪಲಿ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಒಂದೊಂದೇ ದೋಣಿ ದಾಟುವುದನ್ನು ಇಲ್ಲಿ ನೋಡಬಹುದು.

ದೋಣಿ ಕಟ್ಟಿದ ಮೇಲೆ ಯಜಮಾನನ ಕೆಲಸ ಕಾಗದಪತ್ರದ್ದು. ಪಾಸ್‌ಪೋರ್ಟುಗಳು, ದೋಣಿಯ ನೋಂದಣಿ, ವಿಮೆಯ ಕಾಗದ, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ಅವನು ನಡೆಯುವಾಗ ಗಮನಿಸಿ, ಹೆಜ್ಜೆ ಅಗಲಗಲ ಬೀಳುತ್ತದೆ. ದೇಹಕ್ಕಿನ್ನೂ ನೆಲ ಅಲ್ಲಾಡುತ್ತಲೇ ಇದೆ. ಕೌಂಟರಿನ ಅಂಚು ಹಿಡಿದುಕೊಂಡೇ ಉತ್ತರ ಕೊಡುತ್ತಾನೆ. ಎಲ್ಲಿಂದ, ಎಷ್ಟು ಜನ, ಮುಂದೆ ಎಲ್ಲಿಗೆ, ಎಷ್ಟು ದಿನ. ಭಾರತದವರೂ ಸೇರಿ ಯುರೋಪಿನ ಹೊರಗಿನ ಬಹುಪಾಲು ಜನರಿಗೆ ಷೆಂಗೆನ್ ನಿಯಮದಂತೆ 180 ದಿನಗಳಲ್ಲಿ 90 ದಿನ ಇರಲು ಅವಕಾಶ. ಅವರ ದೋಣಿಗೆ ಮಾತ್ರ ತೆರಿಗೆ ಕಟ್ಟದೆ 18 ತಿಂಗಳು ಯುರೋಪಿನ ಒಕ್ಕೂಟದಲ್ಲಿ ಇರಲು ಬಿಡುವಿದೆ. ಅಪ್ಪಣೆ ಸಿಕ್ಕ ಮೇಲೆ ದೋಣಿಗೆ ಮರಳಿ ಹಳದಿ ಬಾವುಟ ಇಳಿಸಿ ಅದೇ ಜಾಗದಲ್ಲಿ ಪೋರ್ಚುಗಲ್‌ನ ಕೆಂಪು ಹಸಿರು ಬಾವುಟ ಏರಿಸುತ್ತಾರೆ. ಬಂದ ಊರಿಗೆ ಅತಿಥಿ ತೋರಿಸುವ ಗೌರವ ಇದು. ಆ ಪುಟ್ಟ ಬಾವುಟವನ್ನು ಎಷ್ಟೋ ಜನ ದಾರಿಯಲ್ಲೇ, ಗಾಳಿ ಬಿದ್ದ ದಿನ ಹಳೆಯ ಬಟ್ಟೆ ತುಂಡು ಸೇರಿಸಿ ಹೊಲಿದಿಟ್ಟುಕೊಂಡಿರುತ್ತಾರೆ.

ತಂಗುವ ಶುಲ್ಕದ ಮಾತು ಬರುವುದು ಆಮೇಲೆ. ಲೆಕ್ಕ ಸರಳ, ದೋಣಿಯ ಉದ್ದಕ್ಕೆ ತಕ್ಕಂತೆ ದಿನಕ್ಕಿಷ್ಟು. ಉದ್ದವೆಂದರೆ ಮೂತಿಯ ಮುಂದೆ ಚಾಚಿದ ಕೋಲು, ಹಿಂದೆ ಪುಟ್ಟ ದೋಣಿಯನ್ನು ತೂಗುಹಾಕಿದ ಚೌಕಟ್ಟು ಎಲ್ಲ ಸೇರಿಯೇ. ಹಾಗಾಗಿ ಕಾಗದದಲ್ಲಿ 11 ಮೀಟರ್ ಇರುವ ದೋಣಿ ಧಕ್ಕೆಯಲ್ಲಿ 12 ಮೀಟರ್ ಆಗಿಬಿಡಬಹುದು. ಎರಡು ಒಡಲಿನ ಕ್ಯಾಟಮರಾನ್ ಆದರೆ ಯುರೋಪಿನ ಬಹಳಷ್ಟು ಮರಿನಾಗಳಲ್ಲಿ, ಅಂದರೆ ಹಾಯಿದೋಣಿಗಳ ತಂಗುದಾಣಗಳಲ್ಲಿ, ಒಂದೂವರೆ ಪಟ್ಟು ಕೊಡಬೇಕು. ಅದು ಅನ್ಯಾಯವೇನಲ್ಲ. 12 ಮೀಟರ್ ಉದ್ದದ ಸಾಮಾನ್ಯ ಹಾಯಿದೋಣಿಯ ಅಗಲ ನಾಲ್ಕು ಮೀಟರ್. ಅಷ್ಟೇ ಉದ್ದದ ಕ್ಯಾಟಮರಾನ್ ಏಳು ಮೀಟರಿನಷ್ಟು ಅಗಲ ಚಾಚಿಕೊಂಡು ಹತ್ತಿರ ಹತ್ತಿರ ಎರಡು ದೋಣಿಗಳ ನೀರನ್ನು ಹಿಡಿದಿರುತ್ತದೆ. ಕುಡಿಯುವ ನೀರಿನ ನಲ್ಲಿ, ವಿದ್ಯುತ್ತಿನ ಕಂಬ, ಸ್ನಾನದ ಮನೆ, ಬಟ್ಟೆ ಒಗೆಯುವ ಯಂತ್ರ, ಇವುಗಳ ವ್ಯವಸ್ಥೆ ಬೇರೆ.

ಮೆಡಿಟರೇನಿಯನ್ ಕಡೆಯ ಹೆಸರುವಾಸಿ ಮರಿನಾಗಳಲ್ಲಿ ಆಗಸ್ಟ್ ತಿಂಗಳ ಒಂದು ರಾತ್ರಿಗೆ 12 ಮೀಟರಿನ ದೋಣಿಯ ಬಾಡಿಗೆ ನೂರು ಯೂರೋ ದಾಟುವುದು ಮಾಮೂಲು. ಅಝೋರ್ಸ್‌ನಲ್ಲಿ ಅದರ ಒಂದು ಸಣ್ಣ ಪಾಲು ಸಾಕು. ಇಲ್ಲಿನ ಮರಿನಾವನ್ನು ನಡೆಸುವುದು ದ್ವೀಪಗಳ ಸಾರ್ವಜನಿಕ ಬಂದರು ಸಂಸ್ಥೆ. ದರ ಹೀಗೇ ಕೈಗೆಟುಕುವಂತೆ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಯಾಟ್ ಎಂದ ಕೂಡಲೇ ನಮ್ಮ ಕಣ್ಣಿಗೆ ಬಿಳಿ ಅರಮನೆಯಂಥ ಹಡಗು, ಸಮವಸ್ತ್ರದ ಆಳುಗಳು ಬರುತ್ತಾರೆ. ಇಲ್ಲಿ ಬಂದು ನಿಲ್ಲುವವರಲ್ಲಿ ಹೆಚ್ಚಿನವರು ಅಂಥವರಲ್ಲ. ನಿವೃತ್ತ ಮೇಷ್ಟರು, ಬಡಗಿ, ದಾದಿ, ಮನೆ ಮಾರಿ ಮೂವತ್ತು ವರ್ಷ ಹಳೆಯ ದೋಣಿ ಕೊಂಡ ಗಂಡ ಹೆಂಡತಿ, ಮೂಲಂಗಿ ಬೆಲೆಯನ್ನೂ ಚೌಕಾಸಿ ಮಾಡುವ ಜನ. ಸಾಗರ ದಾಟಿ ಸುಸ್ತಾದವರು ಇನ್ನೊಂದು ರಾತ್ರಿ ನಿಲ್ಲಲೋ ಬೇಡವೋ ಎಂದು ದುಡ್ಡಿನ ಲೆಕ್ಕ ಹಾಕುತ್ತ, ಹರಿದ ಹಾಯಿಯಲ್ಲೇ ಹೊರಟುಬಿಡುವಂತಾಗಬಾರದು. ಕಡಲಿನಲ್ಲಿ ಅಂಥ ಲೆಕ್ಕಕ್ಕೆ ಪ್ರಾಣವೇ ಬೆಲೆ.

ಹೆಂಗಸು ಸ್ನಾನದ ಮನೆಯಿಂದ ಹೊರಬಂದಳು ನೋಡಿ. ಮೂರು ವಾರ ಕೊಡದ ಲೆಕ್ಕದಲ್ಲಿ ನೀರು ಉಳಿಸಿದವಳು. ಒದ್ದೆ ಕೂದಲು ಬೆನ್ನಿಗಿಳಿದಿದೆ, ಕಲ್ಲುಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾಳೆ. ಬೀದಿಯ ಕಡೆಯಿಂದ ಬಿಸಿ ಬ್ರೆಡ್ಡಿನ ವಾಸನೆ, ಹಂಚಿನ ಮೇಲೆ ಬೆಣ್ಣೆ ಬೆಳ್ಳುಳ್ಳಿ ಹಾಕಿ ಚುರುಗುಡಿಸುವ ಲಾಪಾಸ್ ಎಂಬ ಬಂಡೆಚಿಪ್ಪಿನ ವಾಸನೆ. ಮಾರುಕಟ್ಟೆಯಲ್ಲಿ ಸಾವ್ ಮಿಗೆಲ್ ದ್ವೀಪದ ಅನಾನಸು, ಸಾವ್ ಜಾರ್ಜ್ ದ್ವೀಪದ ಖಾರ ಗಿಣ್ಣು. ಗಿಣ್ಣು ಎಂದಾಗ ಜೊಶುವಾ ಸ್ಲೋಕಮ್ ನೆನಪಾಗುತ್ತಾನೆ. ಭೂಮಿಯನ್ನು ಒಬ್ಬನೇ ಹಾಯಿದೋಣಿಯಲ್ಲಿ ಸುತ್ತಿದ ಮೊದಲಿಗ. 1895ರ ಜುಲೈನಲ್ಲಿ ‘ಸ್ಪ್ರೇ’ ಎಂಬ ತನ್ನ ದೋಣಿಯಲ್ಲಿ ಕೆನಡಾದ ನೋವಾ ಸ್ಕೋಷಿಯಾದಿಂದ ಹೊರಟು ಅವನು ಮೊದಲು ನಿಂತದ್ದು ಇದೇ ಓರ್ತಾದಲ್ಲಿ. ದ್ವೀಪದವರು ದೋಣಿ ತುಂಬ ಹಣ್ಣು ಕೊಟ್ಟು ಕಳಿಸಿದರು. ಮುಂದೆ ಕಡಲಿನಲ್ಲಿ ಪ್ಲಮ್ ಹಣ್ಣನ್ನೂ ಬಿಳಿ ಗಿಣ್ಣನ್ನೂ ಒಟ್ಟಿಗೆ ತಿಂದು ಹೊಟ್ಟೆನೋವಿನಿಂದ ಒದ್ದಾಡಿದ ರಾತ್ರಿ, ಕೊಲಂಬಸನ ‘ಪಿಂಟಾ’ ಹಡಗಿನ ನಾವಿಕನೇ ಬಂದು ತನ್ನ ಚುಕ್ಕಾಣಿ ಹಿಡಿದು ನಿಂತಂತೆ ಅವನಿಗೆ ಕಂಡಿತಂತೆ.

ಪರದೇಶದವರನ್ನು ಉಪಚರಿಸುವುದು ಈ ಊರಿಗೆ ಹೊಸತಲ್ಲ. ತಿಮಿಂಗಿಲ ಬೇಟೆಯ ಅಮೆರಿಕನ್ ಹಡಗುಗಳು ನೀರು, ತರಕಾರಿ, ಆಳುಗಳಿಗಾಗಿ ಇಲ್ಲಿ ನಿಲ್ಲುತ್ತಿದ್ದವು. ದೊಡ್ಡ ಅಲೆತಡೆಗೋಡೆಯ ಕೆಲಸ ಶುರುವಾದದ್ದು 1876ರಲ್ಲಿ. 1893ರಿಂದ ಸಾಗರದಡಿಯ ತಂತಿಗಳು ಒಂದೊಂದಾಗಿ ಬಂದು ಸೇರಿ, ಇಂಗ್ಲಿಷರು, ಜರ್ಮನರು, ಅಮೆರಿಕನ್ನರು ಇಲ್ಲಿ ಮನೆ ಮಾಡಿಕೊಂಡು ಖಂಡದಿಂದ ಖಂಡಕ್ಕೆ ಸುದ್ದಿ ದಾಟಿಸಿದರು. ಆ ತಂತಿ ಕಚೇರಿಗಳಲ್ಲಿ ಕೊನೆಯದು ಮುಚ್ಚಿದ್ದು 1969ರಲ್ಲಿ. ನೀರಿನ ಮೇಲಿಳಿಯುವ ವಿಮಾನಗಳೂ ಇದೇ ಕೊಲ್ಲಿಯಲ್ಲಿ ಇಂಧನ ತುಂಬಿಕೊಂಡವು. 1957ರಲ್ಲಿ ದ್ವೀಪದ ಪಶ್ಚಿಮ ತುದಿಯ ಕಪೆಲಿನ್ಯೂಷ್‌ನಲ್ಲಿ ಜ್ವಾಲಾಮುಖಿ ಎದ್ದು ಹೊಲ ಮನೆಗಳ ಮೇಲೆಲ್ಲ ಬೂದಿ ಸುರಿದಾಗ, ಸಾವಿರಾರು ಜನ ಅಮೆರಿಕಕ್ಕೆ ವಲಸೆ ಹೋದರು. ತಮ್ಮವರನ್ನೂ ಕಡಲಾಚೆ ಕಳಿಸಿದ ಜನಕ್ಕೆ, ಕಡಲಿಂದ ಬಂದವನಿಗೆ ಮೊದಲು ಏನು ಬೇಕು ಎಂಬುದು ಹೇಳಿಕೊಡಬೇಕಾದ ವಿಷಯವಲ್ಲ.

ಅದು ಚೆನ್ನಾಗಿ ಗೊತ್ತಿದ್ದ ಮನೆಯೊಂದು ಬಂದರಿನ ಬೀದಿಯಲ್ಲೇ ಇದೆ. ನೀಲಿ ಬಣ್ಣದ ಮುಂಭಾಗ, ಒಳಗೆ ಮರದ ಮೇಜುಗಳು, ಗೋಡೆ ಸೂರು ಒಂದೂ ಕಾಣದಂತೆ ತೂಗುಬಿಟ್ಟ ನೂರಾರು ದೋಣಿಗಳ ಬಾವುಟಗಳು. ಪೀಟರ್ ಕೆಫೆ ಸ್ಪೋರ್ಟ್. ಎನ್ರಿಕೆ ಅಝೆವೇದೊ 1918ರಲ್ಲಿ ತೆರೆದದ್ದು. ಆಟೋಟವೆಂದರೆ ಅವನಿಗೆ ಪ್ರಾಣ, ಅದಕ್ಕೇ ಆ ಹೆಸರು. ಅವನ ಮಗ ಜೊಸೆಯನ್ನು ಬ್ರಿಟಿಷ್ ಹಡಗಿನ ಅಧಿಕಾರಿಯೊಬ್ಬ ತನ್ನ ಮಗನ ಹೋಲಿಕೆ ಕಂಡು ಪೀಟರ್ ಎಂದು ಕರೆಯತೊಡಗಿ, ಊರಿಗೆಲ್ಲ ಅದೇ ಹೆಸರಾಯಿತು. ಮರಿನಾ ಕಟ್ಟುವುದಕ್ಕೆ ಬಹಳ ಮೊದಲೇ, ಲಂಗರು ಹಾಕಿ ನಿಂತ ದೋಣಿಗಳ ಬಳಿ ಹೋಗಿ ಏನು ಬೇಕು ಎಂದು ಕೇಳುತ್ತಿದ್ದವನು ಅವನೇ. ವೈದ್ಯರು ಬೇಕೇ, ದುಡ್ಡು ಬದಲಿಸಬೇಕೇ, ಹಾಯಿ ಹೊಲಿಯುವವರು ಬೇಕೇ? ನಾವಿಕರ ಹೆಸರಿಗೆ ಬಂದ ಪತ್ರಗಳನ್ನು ತಿಂಗಳುಗಟ್ಟಲೆ ಜೋಪಾನವಾಗಿಟ್ಟು ಅವರು ಬಂದಾಗ ಕೈಗಿಡುತ್ತಿದ್ದ. ಇದಾವುದಕ್ಕೂ ದರಪಟ್ಟಿ ಇರಲಿಲ್ಲ. 2005ರಲ್ಲಿ ಅವನು ತೀರಿಕೊಂಡ ಮೇಲೂ ಮನೆಯವರು ಅಂಗಡಿ ನಡೆಸಿಕೊಂಡು ಬಂದಿದ್ದಾರೆ. ಮಹಡಿಯ ಮೇಲೆ ತಿಮಿಂಗಿಲದ ಹಲ್ಲಿನ ಮೇಲೆ ಸೂಜಿಮೊನೆಯಿಂದ ಕೆತ್ತಿದ ಚಿತ್ರಗಳ ಸಂಗ್ರಹವಿದೆ. ಕೆಳಗೆ ಜಿನ್ ಟಾನಿಕ್ಕಿನ ಲೋಟಗಳು ಕಿಣಿಕಿಣಿ ಎನ್ನುವ ನಡುವೆ, ಲಿಸ್ಬನ್ ಕಡೆ ಹೊರಡುವ ದೋಣಿಯಲ್ಲಿ ಒಬ್ಬರಿಗೆ ಜಾಗವಿದೆಯೇ ಎಂದು ಬೆನ್ನಿಗೆ ಚೀಲ ಹಾಕಿದ ಹುಡುಗನೊಬ್ಬ ಮೇಜಿನಿಂದ ಮೇಜಿಗೆ ವಿಚಾರಿಸುತ್ತಿದ್ದಾನೆ.

ಮರಿನಾ ತೆರೆದದ್ದು 1986ರಲ್ಲಿ. ಈಗ ಸುಮಾರು 300 ದೋಣಿಗಳಿಗೆ ಜಾಗ. ಅದರ ಗೋಡೆ, ನೆಲ, ಮೆಟ್ಟಿಲು, ಎಲ್ಲೆಲ್ಲೂ ಬಣ್ಣ. ಬಂದ ಪ್ರತಿ ದೋಣಿಯೂ ತನ್ನ ಹೆಸರು, ವರ್ಷ, ಒಂದು ಚಿತ್ರ ಬಿಡಿಸಿ ಹೋಗಬೇಕು, ಇಲ್ಲದಿದ್ದರೆ ಮುಂದಿನ ದಾರಿಯಲ್ಲಿ ಕೇಡು ಎಂಬ ನಂಬಿಕೆ. ಮೊಣಕಾಲೂರಿ ಕೂತ ಆ ಹತ್ತು ಹನ್ನೆರಡರ ಹುಡುಗಿಯನ್ನು ನೋಡಿ. ಮೊದಲು ತಂತಿಯ ಬ್ರಷ್ಷಿನಿಂದ ಕಾಂಕ್ರೀಟು ಉಜ್ಜಿದ್ದಾಳೆ, ಚೌಕದ ಸುತ್ತ ಅಂಟುಪಟ್ಟಿ ಹಚ್ಚಿದ್ದಾಳೆ. ದೋಣಿಗೆ ಬಳಿದು ಉಳಿದ ನೀಲಿಯ ಡಬ್ಬದಿಂದ ಒಂದು ಡಾಲ್ಫಿನ್, ಅದರ ಬೆನ್ನಿನ ಮೇಲೆ ತನ್ನ ಬೆಕ್ಕು. ಬಿಸಿಲಿಗೆ ಮಾಸಿ ಅಕ್ಷರ ಅಳಿದುಹೋದ ಹಳೆಯ ಚಿತ್ರದ ಮೇಲೆ ಬಿಡಿಸಬಹುದು. ಇನ್ನೂ ಓದಲು ಬರುವ ಹೆಸರನ್ನು ಮುಚ್ಚುವಂತಿಲ್ಲ. ಜಾಗ ಹುಡುಕುವುದಕ್ಕೇ ಅವಳಿಗೆ ಅರ್ಧ ಬೆಳಗು ಹಿಡಿದಿದೆ. ವರ್ಷಗಳ ನಂತರ ಅದೇ ದೋಣಿ ಮತ್ತೆ ಬಂದರೆ ಹಳೆಯ ಚೌಕವನ್ನು ಹುಡುಕಿ ಹೊಸ ವರ್ಷದ ಅಂಕಿ ಸೇರಿಸುವುದುಂಟು.

ಮೂರು ದಿನವೆಂದು ಬಂದವರು ಹತ್ತು ದಿನ ನಿಲ್ಲುವುದು ಇಲ್ಲಿ ರೂಢಿ. ಗಾಳಿಯ ನಕ್ಷೆ ನೋಡುತ್ತಾರೆ, ಕಾಯುತ್ತಾರೆ. ಅಝೋರ್ಸ್ ಮೇಲೆ ಕೂತ ಅಧಿಕ ಒತ್ತಡದ ವಲಯ ಅಲ್ಲಾಡದಿದ್ದರೆ ದೋಣಿ ಹಂದುವುದಿಲ್ಲ. ರಾತ್ರಿ ಗುಡ್ಡದ ಬಂಡೆಗಳ ಕಡೆಯಿಂದ ಕಗಾರು ಎಂಬ ಕಡಲಹಕ್ಕಿಗಳ ಕೂಗು ಬರುತ್ತದೆ, ಹಟ ಹಿಡಿದ ಎಳೆಮಗು ಮೂಗಿನಲ್ಲಿ ಅತ್ತಂತೆ. ಮೊದಲ ರಾತ್ರಿ ಕೇಳಿದವರು ಎದ್ದು ಕೂರುತ್ತಾರೆ.

ಆಮೇಲೊಂದು ಬೆಳಗ್ಗೆ ಗಾಳಿ ನೈರುತ್ಯಕ್ಕೆ ತಿರುಗುತ್ತದೆ. ಲಿಸ್ಬನ್‌ಗೆ ಇನ್ನೂ 900 ನಾಟಿಕಲ್ ಮೈಲಿ. ಕಚೇರಿಯಲ್ಲಿ ದಿನಗಳ ಲೆಕ್ಕ ಹಾಕಿ ದುಡ್ಡು ಕಟ್ಟಿ, ಹೊರಡುವ ಅಪ್ಪಣೆ ಪಡೆದುಕೊಂಡು ಯಜಮಾನ ಓಡಿ ಬರುತ್ತಾನೆ. ಆದರೆ ಅವನ ದೋಣಿ ಇರುವುದು ಗೋಡೆಯ ಪಕ್ಕ, ಹೊರಗೆ ಇನ್ನೂ ಮೂರು ಸಾಲು. ಡಚ್ಚರನ್ನು ಎಬ್ಬಿಸಬೇಕು, ಫ್ರೆಂಚರ ಮನೆಯೊಡತಿ ಬ್ರೆಡ್ಡು ತರಲು ಹೋಗಿದ್ದಾಳೆ, ಸ್ವೀಡನ್ನಿನವನ ಎಂಜಿನ್ನು ಬಿಚ್ಚಿ ಹರಡಿಕೊಂಡಿದೆ. ಹಗ್ಗ ಸಡಿಲಿಸಿ, ಮುಂದಕ್ಕೆ ಎಳಿ, ಹಿಂದಿನದನ್ನು ಹಿಡಿ ಎಂದು ನಾಲ್ಕು ಭಾಷೆಗಳಲ್ಲಿ ಕೂಗಾಟ. ಗಂಟೆ ಹೊತ್ತು ತಳ್ಳಾಡಿ ಎಳೆದಾಡಿ, ಸ್ವೀಡನ್ನಿನವನ ದೋಣಿಯನ್ನು ಎಲ್ಲರೂ ಕೈಯಲ್ಲೇ ಜಗ್ಗಿ ಗೋಡೆಗೆ ತಂದು ಕಟ್ಟಿದ ಮೇಲೆ ದಾರಿ ಬಿಡುತ್ತದೆ. ಅಷ್ಟರಲ್ಲಿ ಅಲೆತಡೆಗೋಡೆಯಾಚೆ ಇನ್ನೆರಡು ದೋಣಿಯವರು ಬಂದು ಸುತ್ತು ಹಾಕುತ್ತಿದ್ದಾರೆ. ಜಾಗ ಇದೆಯೇ ಎಂದು ರೇಡಿಯೋದಲ್ಲಿ ಕೇಳುತ್ತಿದ್ದಾರೆ. ಇದೆ, ಇದೆ, ಬನ್ನಿ ಎಂದು ಡಚ್ಚರೇ ಕೈಬೀಸಿ ಕರೆಯುತ್ತಿದ್ದಾರೆ.