ನ್ಯಾನೋ ಸೆಕೆಂಡ್ ತಪ್ಪಿದರೆ ಆಕಾಶದ ವಿಳಾಸವೇ ತಪ್ಪುತ್ತದೆ

ಅಂಗಡಿಯಲ್ಲಿ ಸಾಮಾನು ತೂಗುವಾಗ ಖಾಲಿ ಬುಟ್ಟಿಯ ತೂಕ ಕಳೆಯುತ್ತೇವೆ. ಕಳೆಯದಿದ್ದರೆ ತಕ್ಕಡಿ ಎಷ್ಟೇ ಒಳ್ಳೆಯದಿರಲಿ, ಪ್ರತಿ ಸಲವೂ ಲೆಕ್ಕ ತಪ್ಪು. ಗಾಮಾ ಕಿರಣ ವೀಕ್ಷಣಾಲಯದಲ್ಲೂ ಇಂಥದ್ದೇ ಕೆಲಸ ಉಂಟು. ಅಲ್ಲಿ ಕಳೆಯುವುದು ತೂಕವನ್ನಲ್ಲ, ಸಮಯವನ್ನು.

ಮೆಕ್ಸಿಕೋದ ಸಿಯೆರಾ ನೆಗ್ರಾ ಪರ್ವತದ ಬದಿಯಲ್ಲಿ, 4,100 ಮೀಟರ್ ಎತ್ತರದಲ್ಲಿ 'ಹಾಕ್' ವೀಕ್ಷಣಾಲಯ ಇದೆ. 2015ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ದೊಡ್ಡ ದುರ್ಬೀನು ಹುಡುಕಬೇಡಿ, ಇರುವುದು ನೀರು ತುಂಬಿದ 300 ಟ್ಯಾಂಕುಗಳು. ಪ್ರತಿ ಟ್ಯಾಂಕಿನ ತಳದಲ್ಲಿ ಬೆಳಕು ಹಿಡಿಯುವ 4 ಸೆನ್ಸರ್, ಒಟ್ಟು 1,200.

ಗಾಮಾ ಕಿರಣ ನೇರವಾಗಿ ನೆಲ ಮುಟ್ಟುವುದಿಲ್ಲ. ವಾತಾವರಣಕ್ಕೆ ಬಡಿದು ಕಣಗಳ ಮಳೆಯಾಗುತ್ತದೆ. ಆ ಮಳೆ ತೆಳುವಾದ ತಟ್ಟೆಯ ಹಾಗೆ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಇಳಿಯುತ್ತದೆ. ಓರೆಯಾಗಿ ಬಂದರೆ ಒಂದು ಬದಿಯ ಟ್ಯಾಂಕಿಗೆ ಮೊದಲು, ಇನ್ನೊಂದು ಬದಿಗೆ ಆಮೇಲೆ. ಈ ವ್ಯತ್ಯಾಸದಿಂದಲೇ ಕಿರಣ ಬಂದ ದಿಕ್ಕು ಗೊತ್ತಾಗುವುದು.

ಈಗ ಲೆಕ್ಕ ನೋಡಿ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ಅಂದರೆ ನ್ಯಾನೋ ಸೆಕೆಂಡ್. ಅಷ್ಟರಲ್ಲಿ ಬೆಳಕು 30 ಸೆಂಟಿಮೀಟರ್ ಹೋಗುತ್ತದೆ. 150 ಮೀಟರ್ ದೂರದ ಎರಡು ಟ್ಯಾಂಕುಗಳ ನಡುವೆ ಒಂದು ನ್ಯಾನೋ ಸೆಕೆಂಡ್ ತಪ್ಪಿದರೆ ದಿಕ್ಕು ಸುಮಾರು 0.1 ಡಿಗ್ರಿ ತಪ್ಪುತ್ತದೆ. ಅಂದರೆ ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಪಾಲು!

ತಪ್ಪು ಬರುವುದು ಎಲ್ಲಿಂದ? ಕೇಬಲ್, ಇಲೆಕ್ಟ್ರಾನಿಕ್ಸ್, ಸೆನ್ಸರ್ ಎಲ್ಲವೂ ಸ್ವಲ್ಪ ಸ್ವಲ್ಪ ತಡ ಮಾಡುತ್ತವೆ, ಒಂದೊಂದರ ತಡವೂ ಬೇರೆ. ಅದಕ್ಕಾಗಿ ಲೇಸರ್ ಮಿಂಚನ್ನು ಆಪ್ಟಿಕಲ್ ಫೈಬರ್ ಮೂಲಕ ಟ್ಯಾಂಕುಗಳಿಗೆ ಕಳಿಸುತ್ತಾರೆ. ಹೊರಟ ಸಮಯ ಗೊತ್ತಿರುತ್ತದೆ, ಫೈಬರಿನಲ್ಲಿ ಹಿಡಿದ ಸಮಯವೂ ಗೊತ್ತಿರುತ್ತದೆ. ಉಳಿದದ್ದು ಆ ಸೆನ್ಸರಿನ ತಡ. ಅದೇ ನಮ್ಮ 'ಖಾಲಿ ಬುಟ್ಟಿಯ ತೂಕ'.

ಇನ್ನೊಂದು ತೊಡಕು ಉಂಟು. ಜೋರು ಬೆಳಕು ಬಿದ್ದರೆ ಸಿಗ್ನಲ್ ಬೇಗ ಏರುತ್ತದೆ, ಮಂದವಾದರೆ ತಡ. ಆದ್ದರಿಂದ ಲೇಸರನ್ನು ಹೆಚ್ಚು ಕಡಿಮೆ ಮಾಡಿ ಪ್ರತಿ ಸೆನ್ಸರಿಗೂ ಬೇರೆಯೇ ಪಟ್ಟಿ ಮಾಡುತ್ತಾರೆ.

ಕೊನೆಗೆ ಆಕಾಶದಲ್ಲೇ ಪರೀಕ್ಷೆ. 1054ರಲ್ಲಿ ಸಿಡಿದು ಕಾಣಿಸಿದ ನಕ್ಷತ್ರದ ಅವಶೇಷವೇ ಕ್ರ್ಯಾಬ್ ನೆಬ್ಯುಲಾ. ಅದರ ಜಾಗ ಎಲ್ಲರಿಗೂ ಗೊತ್ತು. ಹಾಕ್ ನಕ್ಷೆಯಲ್ಲಿ ಅದು ಬೇರೆ ಕಡೆ ಕಂಡರೆ ತಪ್ಪು ನೆಬ್ಯುಲಾದ್ದಲ್ಲ, ನಮ್ಮ ಗಡಿಯಾರದ್ದು ಎಂದು ಮತ್ತೆ ತಿದ್ದುತ್ತಾರೆ.

ದೂರದ ಮಾತು ಅಂದುಕೊಳ್ಳಬೇಡಿ. ನೀಲಗಿರಿಯ ಊಟಿಯಲ್ಲೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ 'ಗ್ರೇಪ್ಸ್-3' ಇಂಥ ಕಣಗಳ ಮಳೆಯನ್ನೇ ಹಿಡಿಯುತ್ತದೆ. ವಿಜ್ಞಾನ ಓದುವ ಮಕ್ಕಳು ಊಟಿಗೆ ಹೋದಾಗ ಬೊಟಾನಿಕಲ್ ಗಾರ್ಡನ್ ಜೊತೆ ಇದನ್ನೂ ನೆನಪಿಡಿ.

ತಪ್ಪು ಇರುವುದು ದೊಡ್ಡ ವಿಷಯ ಅಲ್ಲ. ಎಷ್ಟು ತಪ್ಪು ಅಂತ ಗೊತ್ತಿದ್ದರೆ ಕಳೆಯಬಹುದು. ಗೊತ್ತಿಲ್ಲದಿದ್ದರೆ ಮಾತ್ರ ನಷ್ಟ.